ಏಳನೆಯ ಕಂಬದ ಮಿಸ್ತ್ರಿ

ಅವರು ನನ್ನೊಡನೆ ಒಂದೇ ಒಂದು ಸಲ ವಾದಕ್ಕೆ ನಿಂತರು, ಸೋತರು. ಹೋದ ತಿಂಗಳು ಮಾನ್ವಿಯಲ್ಲಿ ತೀರಿಕೊಂಡರು. ಈ ಎರಡರ ನಡುವೆ ಎಂಟು ವರ್ಷಗಳಿವೆ. ಆದ್ದರಿಂದ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಗೆಳೆಯರು ನನಗೆ ಸಮಾಧಾನ ಹೇಳುತ್ತಾರೆ. ಆ ತರ್ಕದಲ್ಲಿ ತಪ್ಪಿಲ್ಲ. ತಪ್ಪಿಲ್ಲದ ತರ್ಕಗಳ ಮೇಲೆ ನನಗೀಗ ಮೊದಲಿನಷ್ಟು ಪ್ರೀತಿ ಉಳಿದಿಲ್ಲ, ಅಷ್ಟೆ.

ಹೆಸರು ಬರೆಯುವುದಿಲ್ಲ. "ಅಬ್ಬಾನ ಹೆಸರು ಬ್ಯಾಡ್ರಿ" ಎಂದು ಅವರ ಮಗಳು ಹೇಳಿದ್ದಾಳೆ. ಹಾಗೆ ನೋಡಿದರೆ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡೂ ಇಲ್ಲ. ಮಾನ್ವಿಯಲ್ಲಿ ಅವರು ಬರೀ ಮಿಸ್ತ್ರಿ. ದೇವದುರ್ಗಕ್ಕೆ ಬಂದರೆ ಮಾನ್ವಿ ಮಿಸ್ತ್ರಿ. ಹಳೆಯ ಕಟ್ಟಡಗಳ ಮರಗೆಲಸ ಅವರದು. ಹೊಸ ಮನೆಗೆ ಬಾಗಿಲು ಮಾಡಿಕೊಡಿ ಎಂದು ಬಂದವರಿಗೆ ಬೇರೆ ಬಡಿಗರ ಮನೆ ತೋರಿಸಿ ಕಳಿಸಿಬಿಡುತ್ತಿದ್ದರು. "ಹೊಸಾದು ಯಾರರ ಮಾಡ್ತಾರ ಬಿಡ್ರಿ. ಹಳೇದು ಬೀಳಾಕತ್ತದ, ಅದನ್ನ ನೋಡೋರು ಬೇಕಲ್ಲ?"

ನಾನು ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲುಗಳನ್ನು ಹೊತ್ತು ತಂದವನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಹತ್ತು ನಿಮಿಷದಲ್ಲಿ ಅದೇ ಸತ್ಯವೆಂದು ಸಭೆಗೆ ಒಪ್ಪಿಸುತ್ತಿದ್ದೆ. ಓದು ಮುಗಿಸಿ ದೇವದುರ್ಗದ ಹೈಸ್ಕೂಲಿಗೆ ಮಾಸ್ತರನಾಗಿ ಹೋದೆ. ಎಪ್ಪತ್ತರ ದಶಕದ ಕೊನೆಯ ಮಾತು. ಊರಿನ ಒಂದು ಹಳೆಯ ವಾಡೆಯನ್ನು ಅದರ ವಾರಸುದಾರರು ಊರಿಗೇ ಬಿಟ್ಟುಕೊಟ್ಟಿದ್ದರು. ಅದರ ದೊಡ್ಡ ಪಡಸಾಲೆಯನ್ನು ದುರಸ್ತಿ ಮಾಡಿಸಿ ವಾಚನಾಲಯ ತೆರೆಯಬೇಕೆಂದು ಒಂದು ಸಮಿತಿ ಆಯಿತು. ಅಧ್ಯಕ್ಷರು ಹತ್ತಿ ವ್ಯಾಪಾರದ ಸಾಹುಕಾರರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು.

ಪಡಸಾಲೆಗೆ ಹನ್ನೆರಡು ಸಾಗವಾನಿ ಕಂಬಗಳು. ತಬ್ಬಿದರೆ ಕೈಗೆ ಕೈ ತಾಗದಷ್ಟು ದಪ್ಪ. ಅವುಗಳಲ್ಲಿ ಏಳನೆಯದರ ಬುಡ ಮಾಳಿಗೆಯ ಸೋರಿಕೆಯಲ್ಲಿ ವರ್ಷಾನುಗಟ್ಟಲೆ ನೆನೆದು ಕೊಳೆತಿತ್ತು. ಮಿಸ್ತ್ರಿ ಮೊದಲ ಬಸ್ಸಿಗೆ ಮಾನ್ವಿಯಿಂದ ಬಂದರು. ಚೀಲದಲ್ಲಿ ಒಂದು ದಬ್ಬಣ ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರತಿ ಕಂಬಕ್ಕೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಮುಂದೆ ಹೋದರು. ಏಳನೆಯದರ ಹತ್ತಿರ ಕೂತು, ಬುಡದಲ್ಲಿ ದಬ್ಬಣ ಚುಚ್ಚಿ, ಹೊರಗೆಳೆದು ಮೂಸಿ ನೋಡಿದರು. ಆಮೇಲೆ ಕಂಬದ ಮೇಲೆ ಅಂಗೈ ಇಟ್ಟು ದಖನಿ ಉರ್ದುವಿನಲ್ಲಿ ಏನೋ ಅಂದರು.

"ಯಾರ್ನ ಮಾತಾಡಿಸಿದ್ರಿ?" ಎಂದೆ.

"ಇದನ್ನ ಮೊದಲು ಮಾಡಿದ ಮಿಸ್ತ್ರೀನ. ಅವನ ಕೆಲಸಕ್ಕ ಕೈ ಹಚ್ಚಾಕತ್ತೀನಿ. ಮಾಫಿ ಕೇಳಬೇಕಲ್ರಿ."

"ಅವ ಸತ್ತು ನೂರಾರು ವರ್ಷ ಆಗಿರಬೇಕು."

"ಹೌದ್ರಿ. ಉತ್ತರ ಬರಂಗಿಲ್ಲ. ಆದ್ರ ಕೇಳೋದು ನನ್ನ ಕೆಲಸ."

ಇಂಥ ಮಾತನ್ನು ಸುಮ್ಮನೆ ಬಿಡುವವನಲ್ಲ ನಾನು. ಆ ಚಳಿಗಾಲವಿಡೀ ಶಾಲೆ ಬಿಟ್ಟೊಡನೆ ಪಡಸಾಲೆಗೆ ಹೋಗಿ ಕೂರುತ್ತಿದ್ದೆ; ಕೆಲಸ ನೋಡಲಿಕ್ಕೆ ಅಂತಲ್ಲ, ಅವರನ್ನು ಕೆಣಕಲಿಕ್ಕೆ. ಮಿಸ್ತ್ರಿ ಮರದ ಜೊತೆ ದಖನಿ ಆಡುತ್ತಿದ್ದರು, ನಮ್ಮ ಜೊತೆ ಕನ್ನಡ, ದೇವರ ಜೊತೆ ಅರಬ್ಬಿ. ಮೂರರಲ್ಲಿ ಮರದ ಜೊತೆಗಿನ ಮಾತೇ ಉದ್ದ. ಒಂದು ಸಂಜೆ ದೇವರಿಲ್ಲ ಎಂಬುದನ್ನು ಐದು ಅಂಶಗಳಲ್ಲಿ ಅವರ ಮುಂದೆ ಸಾಧಿಸಿದೆ. ಗರಗಸ ನಿಲ್ಲಿಸಿ ಐದನ್ನೂ ಕೇಳಿದರು. ತಲೆ ಅಲ್ಲಾಡಿಸಿದರು.

"ಇಲ್ಲಂದ್ರ ಇಲ್ಲ ಬಿಡ್ರಿ ಮಾಸ್ತರ. ಆ ತುದಿ ಜರಾ ಎತ್ತಿ ಹಿಡೀರಿ."

ಹಿಡಿದೆ. ನನಗೆ ಸಿಟ್ಟು ಬಂದಿತ್ತು. ಎದುರಾಳಿ ಸೋತರೆ ಸಂತೋಷ. ಎದುರಾಳಿಯಾಗಲು ಒಪ್ಪದವನ ಜೊತೆ ಏನು ಮಾಡುವುದು?

ಒಂದು ವಿಷಯದಲ್ಲಿ ಮಾತ್ರ ಅವರು ಗಟ್ಟಿ. ಕೊಳೆತಷ್ಟೇ ತೆಗೆಯಬೇಕು, ಒಳ್ಳೆಯ ಮರಕ್ಕೆ ಉಳಿ ತಾಗಬಾರದು. "ಕೆಟ್ಟದ್ದು ಒಂದು ಗೇಣಿದ್ರ ಒಂದು ಗೇಣು ತೆಗೀಬೇಕ್ರಿ. ಮೊಳ ತೆಗದವ ಬಡಿಗ ಅಲ್ಲ, ಕಟುಕ." ತೆಗೆದ ಜಾಗಕ್ಕೆ ಬೇರೆ ಮರದ ತುಂಡನ್ನು ಹಲ್ಲಿಗೆ ಹಲ್ಲು ಕಚ್ಚಿಸಿ ಕೂಡಿಸುತ್ತಿದ್ದರು. ಕಬ್ಬಿಣದ ಮೊಳೆ ಇಲ್ಲ, ಮರದ ಗೂಟ ಮಾತ್ರ. ಬೇರೆ ಕಂಬಗಳಲ್ಲಿ ಸಣ್ಣಪುಟ್ಟ ತೇಪೆಗಳನ್ನು ಹಾಗೆ ಕೂಡಿಸಿದ್ದರು. ಅವು ಎಲ್ಲಿವೆ ಎಂದು ನಾನೇ ಹುಡುಕಬೇಕಾಗುತ್ತಿತ್ತು.

ರಾಯಚೂರಿನಲ್ಲಿ ಒಂದು ಹಳೆಯ ಮಸೀದಿ ಇದೆ. ಅದರ ಒಳಛಾವಣಿ ಪೂರಾ ಮರದ್ದು. ಮಿಸ್ತ್ರಿಯ ಅಜ್ಜ ಹರೆಯದಲ್ಲಿ ಅದರ ಮೇಲೆ ಕೆಲಸ ಮಾಡಿದವನಂತೆ. ಗೆದ್ದಲು ಹಿಡಿದು ಅದು ಈಗಲೋ ಆಗಲೋ ಅನ್ನುವ ಸ್ಥಿತಿಗೆ ಬಂದಿತ್ತು, ಅದರ ಹಿರಿಯರು ದುರಸ್ತಿಗೆ ಜನ ಹುಡುಕುತ್ತಿದ್ದರು. ಮಿಸ್ತ್ರಿ ಎರಡು ಸಲ ಹೋಗಿ ಕೇಳಿ ಬಂದಿದ್ದರು. "ದೇವದುರ್ಗದ ಕೆಲಸ ಮುಗೀಲಿ, ಬಂದು ನೋಡ್ತೀವಿ, ಆಮ್ಯಾಲ ಹೇಳ್ತೀವಿ" ಎಂದು ಆ ಹಿರಿಯರು ಹೇಳಿದ್ದರಂತೆ. ಈ ಸಂಗತಿ ಹೇಳುವಾಗ ಮಿಸ್ತ್ರಿಯ ದನಿಯೇ ಬೇರೆ.

"ಅದೊಂದು ನನ್ನ ಕೈಲಿ ಆಗಿಬಿಡ್ಲಿ ಮಾಸ್ತರ. ಆಮ್ಯಾಲ ಉಳಿ ಕೆಳಗಿಡ್ತೀನಿ. ಕಣ್ಣೂ ಸಾಕು ಅನ್ನಾಕತ್ತಾವ."

ಹೀಗಿರುವಾಗ ಏಳನೆಯ ಕಂಬಕ್ಕೆಂದು ಸಮಿತಿ ತರಿಸಿದ ಮರ ಬಂತು. ಒಳ್ಳೆಯ ಜಾತಿಯ ಸಾಗವಾನಿ, ಆದರೆ ಕಡಿದು ತಿಂಗಳಾಗಿತ್ತೋ ಇಲ್ಲವೋ. ಮಿಸ್ತ್ರಿ ಅದರ ಹೊಟ್ಟು ನಾಲಗೆಗೆ ಹಚ್ಚಿ ಉಗುಳಿದರು.

"ಹಸಿ ಅದ. ಇದು ಒಂದು ವರ್ಷ ಈ ಪಡಸಾಲ್ಯಾಗ ಮಲಗಬೇಕ್ರಿ. ಇಲ್ಲಿನ ಬ್ಯಾಸಗಿ, ಮಳಿ, ಥಂಡಿ ಮೂರೂ ನೋಡಬೇಕು. ಮರ ಮನಿ ನೋಡಬೇಕು, ಆಮ್ಯಾಲ ಮನ್ಯಾಗ ನಿಲ್ಲಬೇಕು."

ವರ್ಷ ಕಾಯಲು ಆಗದಿದ್ದರೆ ಇನ್ನೊಂದು ದಾರಿಯನ್ನೂ ಅವರೇ ಹೇಳಿದರು. ಮಲ್ಲಟದಲ್ಲಿ ಒಂದು ಹಳೆಯ ಮನೆ ಬಿಚ್ಚುವುದಿತ್ತು. ಸುಗ್ಗಿ ಮುಗಿದ ಮೇಲೆ ಅದರ ತೊಲೆ ಸಿಗುತ್ತದೆ, ಒಣಗಿ ಕಲ್ಲಾದ ಮರ, ನಾಲ್ಕೈದು ತಿಂಗಳು ತಡೆಯಿರಿ. ಆದರೆ ಅಧ್ಯಕ್ಷರಿಗೆ ಯುಗಾದಿಯೊಳಗೆ ವಾಚನಾಲಯ ತೆರೆಯಬೇಕಿತ್ತು. ದೊಡ್ಡ ಅಧಿಕಾರಿಯೊಬ್ಬರು ಬರಲು ಒಪ್ಪಿಕೊಂಡಿದ್ದರು. ಸಭೆ ಕರೆದರು.

ಆ ಸಭೆಗೆ ನಾನು ತಯಾರಾಗಿ ಹೋದೆ. ಹಿಂದಿನ ವಾರ ರಾಯಚೂರಿಗೆ ಹೋಗಿ ಕಾಲೇಜಿನ ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದೆ. ಪಶ್ಚಿಮ ದೇಶಗಳ ಹಳೆಯ ಚರ್ಚುಗಳನ್ನು, ದೊಡ್ಡ ಮನೆಗಳನ್ನು ಓಕ್ ಮರದಿಂದ ಹೇಗೆ ಕಟ್ಟಿದರು, ಹೇಗೆ ಜೀರ್ಣೋದ್ಧಾರ ಮಾಡುತ್ತಾರೆ ಎಂಬುದರ ಬಗ್ಗೆ. ಅದರಲ್ಲಿ ನನಗೆ ಬೇಕಾದದ್ದು ಸಿಕ್ಕಿತ್ತು. ಅಲ್ಲಿನ ಬಡಿಗರು ಓಕ್ ಮರವನ್ನು ಕಡಿದ ಕೂಡಲೇ, ಹಸಿಯಾಗಿರುವಾಗಲೇ ಕೊರೆದು ಕೂಡಿಸುತ್ತಿದ್ದರು. ಮರ ಒಣಗುತ್ತ ಒಣಗುತ್ತ ಜೋಡಣೆ ಇನ್ನಷ್ಟು ಬಿಗಿಯುತ್ತಿತ್ತು. ಆ ಕಟ್ಟಡಗಳು ಶತಮಾನಗಳಿಂದ ನಿಂತಿವೆ.

"ಅದೆಂಥ ಮರ್ರಿ ಅದು, ಓಕು?" ಅಧ್ಯಕ್ಷರು ಕೇಳಿದರು. "ನಮ್ಮ ಜಾಲಿಗಿಂತ ಗಟ್ಟಿ ಏನು?"

"ಗಟ್ಟಿ ಮರಾರಿ. ಪ್ರಶ್ನೆ ಮರದ್ದಲ್ಲ, ಪದ್ಧತೀದು. ಹಸಿ ಮರದಾಗ ಕಟ್ಟಿದ್ದು ಅಲ್ಲಿ ನೂರಾರು ವರ್ಷ ನಿಂತದ. ಇಲ್ಲಿ ಮಾತ್ರ ಮರ ಮನಿ ನೋಡಬೇಕಂತ. ಮರಕ್ಕ ಕಣ್ಣದಾವೇನು? ಹೆಣ್ಣು ನೋಡಾಕ ಬಂದ ಬೀಗರೇನು ಇದು, ಒಂದು ವರ್ಷ ಕುಂತು ಮನಿ ನೋಡಾಕ?"

ಸಭೆ ನಕ್ಕಿತು. ಮಿಸ್ತ್ರಿ ಬಾಗಿಲ ಹತ್ತಿರ ನಿಂತಿದ್ದರು. ಕೂರಿ ಎಂದರೂ ಕೂತಿರಲಿಲ್ಲ. ನಗು ನಿಂತ ಮೇಲೆ ಕೇಳಿದರು:

"ಆ ಊರಾಗ ಬ್ಯಾಸಗಿ ಹೆಂಗಿರ್ತದ್ರಿ ಮಾಸ್ತರ?"

"ಮಿಸ್ತ್ರಿ, ನಾವು ಮರದ ಬಗ್ಗಿ ಮಾತಾಡಾಕತ್ತೀವಿ, ಬಿಸಲಿನ ಬಗ್ಗಿ ಅಲ್ಲ."

ಮತ್ತೆ ನಗು, ಈ ಸಲ ಇನ್ನೂ ದೊಡ್ಡದು. ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಚಪ್ಪಾಳೆ ಬೀಳುತ್ತದೆ, ತೀರ್ಪುಗಾರರು ತಲೆ ಬಗ್ಗಿಸಿ ಏನೋ ಬರೆದುಕೊಳ್ಳುತ್ತಾರೆ. ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬೆಳೆದ ನನಗೆ ಅದು ಹೊಳೆಯಲಿಲ್ಲ ಎಂದರೆ ನಂಬುತ್ತೀರಾ? ಹೊಳೆಯಿತು. ಒಂದು ಕ್ಷಣ ಹೊಳೆಯಿತು. ಆದರೆ ಎದುರಾಳಿಯ ಒಳ್ಳೆಯ ಪ್ರಶ್ನೆಯನ್ನು ನಗೆಯಲ್ಲಿ ದಾಟಿಸಿಬಿಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ಅಧ್ಯಕ್ಷರು ತೀರ್ಮಾನ ಹೇಳಿದರು. ಮಿಸ್ತ್ರಿ ಬಂದ ಮರದಲ್ಲೇ ಕೆಲಸ ಮಾಡಬೇಕು. ಆಗದು ಎಂದರೆ ಕಂಬವನ್ನೇ ಕತ್ತರಿಸಿ ತೆಗೆದು ಕಬ್ಬಿಣದ ತೊಲೆ ನಿಲ್ಲಿಸುವವರನ್ನು ರಾಯಚೂರಿನಿಂದ ಕರೆಸುತ್ತೇವೆ. ಮಿಸ್ತ್ರಿ ನನ್ನ ಕಡೆ ನೋಡಲಿಲ್ಲ. ಪಡಸಾಲೆಯ ಆ ಕಡೆ, ಏಳನೆಯ ಕಂಬದ ಕಡೆ ನೋಡಿದರು.

"ಕಂಬ ಉಳಿಲಿ ಬಿಡ್ರಿ," ಎಂದರು. "ಮಾಡ್ತೀನಿ."

ಅವರು ಕೂಡಿಸಿದ ರೀತಿ ನನ್ನ ಕಣ್ಣಮುಂದೆ ಇದೆ. ಹಳೆಯ ಮರದಲ್ಲಿ ಹಲ್ಲು ಕೊರೆಯಲು ಆರು ದಿನ, ಹಸಿ ಮರದಲ್ಲಿ ನಾಲ್ಕು ದಿನ. ಕೂಡಿಸಿ ಗೂಟ ಹೊಡೆದ ದಿನ ಹೆಬ್ಬೆರಳ ಉಗುರಿನಿಂದ ಸುತ್ತಲೂ ತಡವಿ ನೋಡಿದರು. ಉಗುರು ಎಲ್ಲೂ ನಿಲ್ಲಲಿಲ್ಲ. ಯುಗಾದಿಗೆ ವಾಚನಾಲಯ ತೆರೆಯಿತು, ಅಧಿಕಾರಿ ಬಂದು ಹೊಗಳಿ ಹೋದರು. ನಾನೇ ವಂದನಾರ್ಪಣೆ ಮಾಡಿದೆ. ಅದರಲ್ಲಿ ಮಿಸ್ತ್ರಿಯ ಹೆಸರಿತ್ತೋ ಇಲ್ಲವೋ ನೆನಪಾಗುತ್ತಿಲ್ಲ. ಇರಲಿಲ್ಲವೆಂದು ತೋರುತ್ತದೆ.

ಬೇಸಿಗೆ ಏರಿತು. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆಂದು ಗೊತ್ತಿರುವವರಿಗೆ ನಾನು ವರ್ಣಿಸಬೇಕಾಗಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದವರು ಸದ್ದು ಕೇಳಿ ಹೊರಗೆ ಓಡಿ ಬಂದರು. ಹಸಿ ಮರ ಒಣಗಿ ಕುಗ್ಗಿ ಉದ್ದಕ್ಕೆ ಸೀಳಿತ್ತು. ಮೇಲಿನ ಹಳೆಯ ಮರ ಎಂದೋ ಕುಗ್ಗಿ ಮುಗಿಸಿದ್ದು. ಅದು ಇದ್ದಲ್ಲೇ ಇತ್ತು. ಎರಡರ ನಡುವೆ ಜೋಡಣೆ ಬಾಯಿ ಬಿಟ್ಟಿತ್ತು. ಕಂಬ ಒಂದು ಬೆರಳಷ್ಟು ಓರೆಯಾಗಿ ಮಾಳಿಗೆಯ ಗಾರೆ ಉದುರಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಮಿಸ್ತ್ರಿಯನ್ನು ಕರೆಸಿದೆವು. ಅವರು ಬಂದ ದಿನವೇ, ಯಾರೂ ಕರೆಯದೆ, ರಾಯಚೂರಿನ ಮಸೀದಿಯ ಇಬ್ಬರು ಹಿರಿಯರೂ ಬಂದರು. ಮೊದಲೇ ಹೇಳಿದ್ದರಲ್ಲ, ಕೆಲಸ ನೋಡಲು ಬರುತ್ತೇವೆ ಅಂತ. ಇಬ್ಬರೂ ಕಂಬದ ಸುತ್ತ ಒಂದು ಸುತ್ತು ಹಾಕಿದರು. ಒಬ್ಬರು ಜೇಬಿನಿಂದ ಬಸ್ಸಿನ ಟಿಕೀಟು ತೆಗೆದು ಮಡಿಚಿ ಸಂದಿಯಲ್ಲಿ ತೂರಿಸಿದರು. ಪೂರ್ತಿ ಒಳಗೆ ಹೋಯಿತು. ಅಧ್ಯಕ್ಷರು ತರಿಸಿದ ಚಹಾ ಕುಡಿದು, ಎಲ್ಲರಿಗೂ ಸಲಾಂ ಹೇಳಿ, ಮಿಸ್ತ್ರಿಗೂ ಹೇಳಿ, ಹೊರಟುಹೋದರು. ಮಿಸ್ತ್ರಿ ಬಾಗಿಲತನಕ ಹೋಗಿ ಕಳಿಸಿ ಬಂದರು. ಅತಿಥಿಗಳನ್ನು ಕಳಿಸುವ ಹಾಗೆ.

ಆ ಸಂಜೆಯ ಸಭೆಯಲ್ಲಿ ಅಧ್ಯಕ್ಷರು ಕೇಳಿದರು: "ಇದಕ್ಕ ಜವಾಬ್ದಾರಿ ಯಾರು?"

ನಾನು ಎದ್ದು ನಿಂತೆ. ಹಸಿ ಮರದ ಪದ್ಧತಿ ಸರಿಯಾದದ್ದೇ ಎಂದೆ. ಬೇರೆ ದೇಶದಲ್ಲಿ ಶತಮಾನಗಳ ಆಧಾರವಿದೆ ಎಂದೆ. ಪದ್ಧತಿ ಸರಿಯಿದ್ದೂ ಫಲ ತಪ್ಪಿದ್ದರೆ, ದೋಷ ಪ್ರಯೋಗದಲ್ಲಿರಬೇಕು ಎಂದೆ. ಎಷ್ಟು ಚೊಕ್ಕ ವಾದ ನೋಡಿ. ಒಂದು ಸಂದಿಯಿಲ್ಲ.

"ನಿಂದೇನು ಮಾತದ ಮಿಸ್ತ್ರಿ?" ಅಧ್ಯಕ್ಷರು ಕೇಳಿದರು.

ನನ್ನ ಮೇಲೆ ಹೇಳುತ್ತಾರೆ ಎಂದು ಕಾದೆ. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

"ಹಸಿ ಅಂತ ಗೊತ್ತಿದ್ದೂ ಕೈ ಹಾಕಿದವ ನಾನರಿ," ಎಂದರು. "ಮಾಸ್ತರು ಏನು ಬರೀಬೇಕು ಬರೀಲಿ."

ಬರೆದೆ. ಕೆಲಸಗಾರನ ಅಜಾಗರೂಕತೆಯಿಂದ ಜೋಡಣೆ ಬಿಟ್ಟಿದೆ ಎಂದು ನಡಾವಳಿ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಬರೆದೆ. ಅದರ ಪ್ರತಿಯನ್ನು ಕಾರ್ಯದರ್ಶಿ ಎಂದು ಸಹಿ ಹಾಕಿ ಮಾನ್ವಿಗೆ ಅಂಚೆಯಲ್ಲಿ ಕಳಿಸಿದೆ. ಕಂಬಕ್ಕೆ ಕಬ್ಬಿಣದ ಪಟ್ಟಿ ಬಿಗಿಸಿದರು. ರಾಯಚೂರಿನ ಮಸೀದಿಯ ಕೆಲಸಕ್ಕೆ ಬೇರೆ ಯಾರೋ ಬಂದರು; ಮರವನ್ನೆಲ್ಲ ಕಿತ್ತು ಸಿಮೆಂಟಿನ ಛಾವಣಿ ಹಾಕಿದರು ಎಂದು ಮುಂದೆ ತಿಳಿಯಿತು.

ಆ ಇಂಗ್ಲಿಷ್ ಪುಸ್ತಕ ಹಿಂತಿರುಗಿಸುವುದು ತಡವಾಗಿತ್ತು. ಮಳೆಗಾಲದಲ್ಲಿ ರಾಯಚೂರಿಗೆ ಹೋಗುವಾಗ ಬಸ್ಸಿನಲ್ಲಿ ಸುಮ್ಮನೆ ಪುಟ ತಿರುವಿದೆ. ನಾನು ಗುರುತು ಹಾಕಿದ್ದ ಅಧ್ಯಾಯ ಹೊಸ ಕಟ್ಟಡದ್ದು. ಅಲ್ಲಿ ಎಲ್ಲ ಮರವೂ ಹಸಿ, ಎಲ್ಲವೂ ಒಟ್ಟಿಗೇ ಒಣಗುತ್ತದೆ. ಅದರ ಮುಂದಿನ ಅಧ್ಯಾಯ ಹಳೆಯ ಕಟ್ಟಡದ ದುರಸ್ತಿಯದು. ಒಣಗಿದ ಹಳೆಯ ಓಕ್‌ಗೆ ಹಸಿ ಓಕ್ ಕೂಡಿಸಬಾರದು, ವರ್ಷಗಟ್ಟಲೆ ಒಣಗಿಸಿದ್ದನ್ನೋ ಹಳೆಯ ಕಟ್ಟಡದಿಂದ ಬಿಚ್ಚಿದ್ದನ್ನೋ ಹುಡುಕಿ ತರಬೇಕು ಎಂದು ಅದರ ಮೊದಲ ಪುಟದಲ್ಲೇ ಇತ್ತು. ಮರ ಬಂದ ದಿನ ಮಿಸ್ತ್ರಿ ಹೇಳಿದ್ದೂ ಅದನ್ನೇ. ನಾನು ಆ ಪುಟವನ್ನು ಓದಿರಲಿಲ್ಲ. ನನ್ನ ಪಕ್ಷಕ್ಕೆ ಬೇಕಾದದ್ದು ಸಿಕ್ಕ ಮೇಲೆ ಓದು ನಿಲ್ಲಿಸಿದ್ದೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಪೋತ್ನಾಳದ ಬಸ್ ನಿಲ್ದಾಣದಲ್ಲಿ. ಎರಡು ವರ್ಷ ಕಳೆದಿತ್ತು; ನಾನು ರಾಯಚೂರಿಗೆ ವರ್ಗವಾಗಿದ್ದೆ. ಹಿರೇಕೊಟ್ನೆಕಲ್ಲಿನಲ್ಲಿ ಯಾರಿಗೋ ಮಂಚದ ಕಾಲು ಮಾಡಿಕೊಟ್ಟು ಬರುತ್ತಿದ್ದೇನೆ ಅಂದರು. ಮಂಚದ ಕಾಲು! ನನ್ನ ಮುಖ ನೋಡಿ ಅವರೇ ನಕ್ಕರು.

"ಮಂಚನೂ ಮಂದಿ ಭಾರ ಹೊರ್ತದರಿ ಮಾಸ್ತರ. ಸಣ್ಣ ಕೆಲಸ ಏನಲ್ಲ." ಆಮೇಲೆ ದನಿ ತಗ್ಗಿಸಿ, ಕಾಯಿಲೆಯವರ ಬಗ್ಗೆ ವಿಚಾರಿಸುವ ಹಾಗೆ ಕೇಳಿದರು: "ಆ ಕಂಬ ಹೆಂಗದ?"

"ಪಟ್ಟಿ ಹಾಕ್ಯಾರ. ನಿಂತದ."

"ಪಟ್ಟಿ ಭಾಳ ಬಿಗೀಬ್ಯಾಡ ಅನ್ರಿ. ಮ್ಯಾಲಿನ ಹಳೆ ಮರ ಸೀಳ್ತದ. ಅದರದೇನೂ ತಪ್ಪಿಲ್ಲ ಪಾಪ."

ಹೇಳಬೇಕಾದದ್ದು ನನ್ನ ಬಾಯಲ್ಲಿತ್ತು. ಪುಸ್ತಕದ ಮುಂದಿನ ಅಧ್ಯಾಯದಿಂದ ಆರಂಭಿಸುವುದೋ, ಸಭೆಯಿಂದ ಆರಂಭಿಸುವುದೋ ಎಂದು ಯೋಚಿಸುತ್ತಿದ್ದೆ. ಪೀಠಿಕೆ, ಅಂಶಗಳು, ಉಪಸಂಹಾರ. ಅಷ್ಟರಲ್ಲಿ ಮಾನ್ವಿ ಬಸ್ಸು ಬಂತು. "ಬರ್ತೀನ್ರಿ" ಎಂದು ಅವರು ಹತ್ತಿದರು. 'ತಪ್ಪು ನಂದು' ಎನ್ನಲು ಎರಡು ಪದ ಸಾಕಾಗಿತ್ತು.

ಅವರು ತೀರಿಕೊಂಡ ಸುದ್ದಿ ತಿಳಿದು ಮೂರನೆಯ ದಿನ ಮಾನ್ವಿಗೆ ಹೋದೆ. ಮನೆಯಲ್ಲಿ ಮಗಳಿದ್ದಳು. ಮದುವೆಯಾಗಿ ಅದೇ ಓಣಿಯಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ. ನಾನು ಯಾರೆಂದು ಹೇಳಿದೆ. ಅವಳ ಮುಖ ಬಿಗಿಯಿತು, ಆದರೂ ಚಾಪೆ ಹಾಸಿ ನೀರು ಕೊಟ್ಟಳು. ಆಗ, ಎಂಟು ವರ್ಷ ತಡವಾಗಿ, ಎಲ್ಲವನ್ನೂ ಹೇಳಿದೆ. ಓಕ್, ಪುಸ್ತಕ, ಓದದ ಪುಟ, ನಡಾವಳಿಯಲ್ಲಿ ಬರೆದ ಸಾಲು.

"ಆ ಕಾಗದ ನಾನೇ ಓದಿ ಹೇಳಿದ್ದೆ ಸರ್," ಎಂದಳು. "ಅಬ್ಬಾಗ ಕನ್ನಡ ಓದಾಕ ಬರ್ತಿದ್ದಿಲ್ಲ. ನಾ ಆಗ ಏಳನೇತ್ತ ಓದ್ತಿದ್ದೆ. ಅಜಾಗರೂಕತೆ ಅಂದ್ರೇನು ಅಂತ ಅಬ್ಬಾ ಕೇಳಿದ್ರು. ನನಗೂ ಗೊತ್ತಿರಲಿಲ್ಲ. ಮರುದಿನ ಸಾಲ್ಯಾಗ ಟೀಚರ್ನ ಕೇಳ್ಕೊಂಡು ಬಂದು ಹೇಳ್ದೆ."

"ಏನಂದ್ರು?"

"ಉಳಿಗೋಳಿಗೆಲ್ಲ ಎಣ್ಣಿ ಹಚ್ಚಿ, ಅರಿವ್ಯಾಗ ಸುತ್ತಿ, ಅಟ್ಟದ ಮ್ಯಾಲ ಇಟ್ರು. ಬ್ಯಾರೆ ಎರಡು ಉಳಿ ಸಂತ್ಯಾಗ ತಂದ್ರು, ಮಂಚಕ್ಕ, ಬಾಗಲಕ್ಕ. ಹಳೇವನ್ನ ಮತ್ತ ಇಳಸಲೇ ಇಲ್ಲ."

ತಪ್ಪು ನನ್ನದು ಎಂದೆ. ಎರಡು ಪದಗಳು. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಇಲ್ಲಿ ಬಂದು ಯಾಕ ಹೇಳಾಕತ್ತೀರಿ ಸರ್? ಈ ಮನ್ಯಾಗ ಅಬ್ಬಾಂದು ತಪ್ಪು ಅಂತ ಯಾರೂ ಅಂದಿಲ್ಲ. ಅಂದವ್ರು ಇರೋ ಕಡಿ ಹೋಗಿ ಹೇಳ್ರಿ."

ಮುಂದಿನ ಭಾನುವಾರ ದೇವದುರ್ಗಕ್ಕೆ ಹೋದೆ. ಅಧ್ಯಕ್ಷರು ಮುಪ್ಪಾಗಿದ್ದಾರೆ, ಸಮಿತಿ ಹೆಸರಿಗಷ್ಟೇ ಉಳಿದಿದೆ. ನಡಾವಳಿ ಪುಸ್ತಕದಲ್ಲಿ ಒಂದು ತಿದ್ದುಪಡಿ ಬರೆಯಬೇಕು, ಸಹಿ ನಾನೇ ಹಾಕುತ್ತೇನೆ ಎಂದೆ. ಅವರು ಪ್ರೀತಿಯಿಂದಲೇ ಕೇಳಿಸಿಕೊಂಡರು.

"ಹಳೇದೆಲ್ಲ ಯಾಕ ಕೆದಕ್ತೀರಿ? ಮನಷ್ಯಾನೇ ಹೋಗ್ಯಾನ. ಊಟ ಮಾಡ್ಕೊಂಡು ಹೋಗ್ರಿ."

ಎರಡು ಸಲ ಕೇಳಿದೆ. ಎರಡು ಸಲವೂ ಊಟಕ್ಕೇ ಕರೆದರು. ಎದ್ದು ವಾಚನಾಲಯಕ್ಕೆ ಬಂದೆ. ಕಂಬ ಪಟ್ಟಿಯೊಳಗೆ ಓರೆಯಾಗಿಯೇ ನಿಂತಿತ್ತು. ಅದರ ಪಕ್ಕದ ಬೆಂಚಿನಲ್ಲಿ ವಯಸ್ಸಾದವರೊಬ್ಬರು ಪತ್ರಿಕೆ ಓದುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ಅವರ ಎದುರಿಗೆ ಕೂತು, "ಈ ಕಂಬದ ಕೆಲಸ ಮಾಡಿದ ಮಿಸ್ತ್ರಿ ಮೊನ್ನೆ ತೀರಿಕೊಂಡ್ರು" ಎಂದೆ.

"ಯಾವ ಮಿಸ್ತ್ರಿ?" ಕನ್ನಡಕದ ಮೇಲಿಂದ ನೋಡಿದರು. "ಓ, ಕಂಬ ಕೆಡಿಸಿದವನೇನು? ಮಾನ್ವಿಯಂವಾ?"

"ಅವರು ಕೆಡಿಸಲಿಲ್ರಿ," ಎಂದೆ. ಮರ ಬಂದ ದಿನದಿಂದ ಶುರು ಮಾಡಿದೆ. ಮರ ಹಸಿಯಿತ್ತು, ಅವರು ಬೇಡ ಅಂದಿದ್ದರು, ನಾನು ಒಂದು ಪುಸ್ತಕ ತಂದಿದ್ದೆ. ಅಷ್ಟು ಹೇಳುವುದರೊಳಗೆ ಅವರು "ಹೌದೇನು" ಎಂದು ಪತ್ರಿಕೆಯನ್ನು ಮತ್ತೆ ಮುಖದ ಮುಂದೆ ಹಿಡಿದುಕೊಂಡಿದ್ದರು.

ನಾನು ಹೇಳುತ್ತಲೇ ಇದ್ದೆ.